ಕಾಲಿನ ಜೋಮು: ಬೆನ್ನುಹುರಿ ನೀಡುವ ಎಚ್ಚರಿಕೆ



ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದಲ್ಲಿ ಮಟಮಾರಿ ಎಂಬ ಗ್ರಾಮವಿದೆ. ಅಲ್ಲಿಯ, ಅಥವಾ ಮಾನ್ವಿ ಇಲ್ಲವೆ ದೇವದುರ್ಗದ ಕಡೆಯ ಯಾವುದಾದರೊಂದು ಗ್ರಾಮದ ಒಕ್ಕಲು ಕುಟುಂಬವೊಂದನ್ನು ಕಲ್ಪಿಸಿಕೊಳ್ಳಿರಿ. ಅದು ಹತ್ತಿ ಬಿಡಿಸುವ ಕಾಲ. ಮನೆಯ ಸೊಸೆಗೆ ಎರಡು ವಾರಗಳ ಹಿಂದೆ ಜ್ವರ ಬಂದು ವಾಸಿಯಾಗಿದೆ. ಸೋಮವಾರ ಸಂಜೆ ಹೊಲದಿಂದ ಬಂದಾಗ ಆಕೆಯ ಎರಡೂ ಅಂಗಾಲುಗಳಲ್ಲಿ ಜೋಮು. ದಿನವಿಡೀ ನಿಂತು ದುಡಿದುದರಿಂದ ಹೀಗಾಗಿರಬೇಕೆಂದು ಆಕೆ ಸುಮ್ಮನಾದಳು. ಮಂಗಳವಾರ ಜೋಮು ತೊಡೆಯವರೆಗೆ ಏರಿತು; ಹೊಟ್ಟೆಯ ಸುತ್ತಲೂ ಯಾರೋ ಪಟ್ಟಿಯನ್ನು ಬಿಗಿದಂತೆ ಭಾಸವಾಯಿತು. ಬುಧವಾರ ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿದುದೂ ತಿಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೂತ್ರ ವಿಸರ್ಜನೆಯಾಗಲಿಲ್ಲ. ಈ ಸಂಗತಿಯನ್ನು ನಾಚಿಕೆಯಿಂದ ಆಕೆ ಗಂಡನಿಗೂ ಹೇಳಲಿಲ್ಲ. ಗಾಳಿ ಸೋಕಿದೆಯೆಂದು ಅತ್ತೆ ದಾರ ಕಟ್ಟಿಸಿದರು. ಕೆಲಸಕ್ಕೆ ಅಂಜಿ ನಾಟಕ ಮಾಡುತ್ತಾಳೆಂದು ನೆರೆಯವರು ಆಡಿಕೊಂಡರು. ಗುರುವಾರ ಬೆಳಿಗ್ಗೆ ಆಕೆಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಇದು ಕಲ್ಪಿತ ಪ್ರಸಂಗ. ಆದರೆ ಇಲ್ಲಿ ಹೇಳಿದ ಒಂದೊಂದು ಲಕ್ಷಣವೂ ಒಂದು ನಿಜವಾದ ಕಾಯಿಲೆಗೆ ಸೇರಿದುದು. ಅದು ಬೆನ್ನುಹುರಿಯ ಉರಿಯೂತ. ವೈದ್ಯರು ಇದನ್ನು ಟ್ರಾನ್ಸ್‌ವರ್ಸ್ ಮಯಲೈಟಿಸ್ ಎನ್ನುತ್ತಾರೆ. ಇದು ವಿರಳವಾದ ಕಾಯಿಲೆ. ಆದರೆ ಬಂದಾಗ ಕಳೆದುಹೋದ ಪ್ರತಿಯೊಂದು ದಿನವೂ ರೋಗಿ ಮುಂದೆ ನಡೆದಾಡುವಳೋ ಇಲ್ಲವೋ ಎಂಬುದನ್ನು ನಿರ್ಧರಿಸಬಲ್ಲುದು. ಆದುದರಿಂದ ಈ ಪಾಠವನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಓದಬೇಕು.

ಬೆನ್ನುಹುರಿ ಎಂದರೇನು?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮಣಿಗಳಿಂದಾದುದು. ಈ ಮಣಿಗಳ ನಡುವಿನ ಕೊಳವೆಯಲ್ಲಿ, ಮಿದುಳಿನ ಬುಡದಿಂದ ಸೊಂಟದ ಮೇಲ್ಭಾಗದವರೆಗೆ, ಕಿರುಬೆರಳಿನಷ್ಟು ದಪ್ಪನೆಯ ಮೃದುವಾದ ಹುರಿಯೊಂದು ಇಳಿದಿದೆ. ಇದೇ ಬೆನ್ನುಹುರಿ. ಶಾಲೆಯ ಪುಸ್ತಕಗಳಲ್ಲಿ ಇದನ್ನು ಮಿದುಳುಬಳ್ಳಿ ಎಂದೂ ಕರೆಯುತ್ತಾರೆ. ವಯಸ್ಕರಲ್ಲಿ ಇದರ ಉದ್ದ ಸುಮಾರು 45 ಸೆಂ.ಮೀ., ಅಂದರೆ ಒಂದೂವರೆ ಅಡಿ. ಇದರ ಎರಡೂ ಬದಿಗಳಿಂದ 31 ಜೊತೆ ನರಗಳು ಕವಲೊಡೆದು ದೇಹವನ್ನೆಲ್ಲ ವ್ಯಾಪಿಸುತ್ತವೆ.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೀವು ಬಲ್ಲಿರಿ. ಕಾಲುವೆ ನಡುವೆ ಎಲ್ಲಿಯಾದರೂ ಒಡೆದರೆ ಅದರ ಮೇಲಿನ ಜಮೀನುಗಳಿಗೆ ನೀರು ಹರಿಯುತ್ತಿರುತ್ತದೆ. ಕೆಳಗಿನ ಜಮೀನುಗಳು ಮಾತ್ರ ಒಣಗುತ್ತವೆ. ಬೆನ್ನುಹುರಿಯ ರೀತಿಯೂ ಹೀಗೆಯೇ. ಕಾಲು ಎತ್ತು ಎಂಬ ಮಿದುಳಿನ ಆಜ್ಞೆ ಇದರ ಮೂಲಕ ಕೆಳಗಿಳಿಯುತ್ತದೆ. ಮುಳ್ಳು ಚುಚ್ಚಿತೆಂಬ ಸುದ್ದಿ ಇದರ ಮೂಲಕವೇ ಮೇಲೇರುತ್ತದೆ. ಮಲಮೂತ್ರಗಳ ಹತೋಟಿಯೂ ಇದರದೇ. ಹುರಿಯ ಒಂದು ಭಾಗದಲ್ಲಿ ಊತವುಂಟಾದರೆ ಆ ಭಾಗಕ್ಕಿಂತ ಕೆಳಗಿನ ಅಂಗಗಳು ಮಿದುಳಿನ ಸಂಪರ್ಕವನ್ನು ಕಳೆದುಕೊಳ್ಳುತ್ತವೆ. ಕಾಲು ಆರೋಗ್ಯವಾಗಿಯೇ ಇರುತ್ತದೆ, ಕೆಟ್ಟಿರುವುದು ಕಾಲುವೆ. ಹೀಗಿರುವಾಗ ಕಾಲಿಗೆ ಎಷ್ಟು ಎಣ್ಣೆ ಉಜ್ಜಿದರೂ ಪ್ರಯೋಜನವಾಗದು.

ಗುರುತಿಸುವ ಬಗೆ

ಈ ಕಾಯಿಲೆಯ ಲಕ್ಷಣಗಳು ಕೆಲವು ಗಂಟೆಗಳಿಂದ ಹಿಡಿದು ಕೆಲವು ದಿನಗಳೊಳಗೆ, ಕೆಲವೊಮ್ಮೆ ಎರಡು ಮೂರು ವಾರಗಳಲ್ಲಿ, ಬೆಳೆಯುತ್ತವೆ. ಮುಖ್ಯವಾದವು ನಾಲ್ಕು.

ಒಂದು, ಕಾಲುಗಳಲ್ಲಿ, ಕೆಲವರಿಗೆ ಕೈಗಳಲ್ಲಿಯೂ, ಬಲ ಕುಂದುವುದು. ಎರಡು, ಜೋಮು, ಉರಿ, ಅಥವಾ ಸ್ಪರ್ಶವೇ ತಿಳಿಯದಿರುವುದು. ಮೂರು, ಬೆನ್ನುನೋವು ಮತ್ತು ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಹ ಅನುಭವ. ನಾಲ್ಕು, ಮೂತ್ರ ಕಟ್ಟುವುದು, ತಿಳಿಯದಂತೆ ಹೋಗುವುದು, ಅಥವಾ ಮಲಬದ್ಧತೆ.

ಮನೆಯಲ್ಲಿಯೇ ಒಂದು ಸರಳ ಪರೀಕ್ಷೆ ಮಾಡಬಹುದು. ರೋಗಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಪಾದದಿಂದ ಮೇಲಕ್ಕೆ ಮೆಲ್ಲನೆ ಸವರುತ್ತ ಬನ್ನಿರಿ. ಹೊಕ್ಕುಳಿನ ಮಟ್ಟದಲ್ಲಿಯೋ ಎದೆಯ ಮಟ್ಟದಲ್ಲಿಯೋ ಒಂದು ಗೆರೆ ಎಳೆದಂತೆ, ಕೆಳಗೆ ಸ್ಪರ್ಶ ಮಂದವಾಗಿ ಮೇಲೆ ಸರಿಯಾಗಿದ್ದರೆ, ತೊಂದರೆ ಬೆನ್ನುಹುರಿಯಲ್ಲಿದೆಯೆಂದು ಬಲವಾಗಿ ಶಂಕಿಸಬೇಕು. ಇಂತಹ ಗೆರೆಯನ್ನು ಯಾರೂ ನಟಿಸಿ ತೋರಿಸುವುದಿಲ್ಲ. ಆದುದರಿಂದ ಹೆಂಡತಿಯಾಗಲಿ ಗಂಡನಾಗಲಿ ಕಾಲಿನಲ್ಲಿ ಬಲವಿಲ್ಲವೆಂದಾಗ ಅದನ್ನು ಸೋಮಾರಿತನವೆಂದೋ ನಾಟಕವೆಂದೋ ಜರೆಯಬಾರದು. ಗೆರೆ ಕಾಣದಿದ್ದರೂ ಮೇಲಿನ ಲಕ್ಷಣಗಳಿದ್ದಲ್ಲಿ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬಾರದು.

ಉರಿಯೂತ ಏಕೆ ಬರುತ್ತದೆ?

ರೋಗಾಣುಗಳು ಹೊಕ್ಕಾಗ ಅವುಗಳೊಡನೆ ಹೋರಾಡುವ ರಕ್ಷಣಾ ಶಕ್ತಿಯೊಂದು ನಮ್ಮ ದೇಹದಲ್ಲಿದೆ. ಕೆಲವೊಮ್ಮೆ ಜ್ವರ, ನೆಗಡಿ ಅಥವಾ ಭೇದಿ ವಾಸಿಯಾದ ಒಂದರಿಂದ ನಾಲ್ಕು ವಾರಗಳ ಅನಂತರ ಈ ರಕ್ಷಣಾ ಶಕ್ತಿ ದಾರಿ ತಪ್ಪಿ ತನ್ನದೇ ಬೆನ್ನುಹುರಿಯ ಮೇಲೆ ಎರಗುತ್ತದೆ. ಹೊಲ ಕಾಯುವ ನಾಯಿ ಮನೆಯವರನ್ನೇ ಕಚ್ಚಿದಂತೆ. ದಡಾರ (ಕೆಲವೆಡೆ ಇದನ್ನು ಗೊಬ್ಬರವೆನ್ನುತ್ತಾರೆ), ಮಂಗನಬಾವು, ಸರ್ಪಸುತ್ತು, ಡೆಂಗೀ, ಚಿಕೂನ್‌ಗುನ್ಯ ಮುಂತಾದ ಕಾಯಿಲೆಗಳ ಬೆನ್ನಲ್ಲಿ ಹೀಗಾಗುವುದುಂಟು. ಕೆಲವು ರೋಗಾಣುಗಳು ನೇರವಾಗಿ ಹುರಿಯನ್ನೇ ಹೊಕ್ಕು ಕೆಡಿಸುವುದೂ ಉಂಟು. ಕ್ಷಯವೂ ಅಂತಹುದರಲ್ಲಿ ಒಂದು.

ರಕ್ಷಣಾ ಶಕ್ತಿ ಹೀಗೆ ದಾರಿ ತಪ್ಪುತ್ತದೆಂಬುದಕ್ಕೆ ನಮ್ಮ ಹಿರಿಯರ ನೆನಪಿನಲ್ಲಿಯೇ ಸಾಕ್ಷಿಯಿದೆ. ಹಿಂದೆ ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದರು. ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದು ಅಸಂಖ್ಯ ಜನರ ಪ್ರಾಣ ಉಳಿಸಿತು. ಆದರೆ ಕೆಲವರಲ್ಲಿ, ಕುರಿಯ ಮಿದುಳಿನ ಅಂಶವನ್ನು ಎದುರಿಸಲು ಹೊರಟ ರಕ್ಷಣಾ ಶಕ್ತಿ, ಅದನ್ನೇ ಹೋಲುವ ರೋಗಿಯ ಮಿದುಳು ಮತ್ತು ಬೆನ್ನುಹುರಿಗಳನ್ನೂ ಘಾಸಿಗೊಳಿಸಿ ಕಾಲುಗಳ ಬಲವನ್ನು ಕಸಿಯಿತು. ಈ ಕಾರಣದಿಂದ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಆ ಲಸಿಕೆಯನ್ನು ಕೈಬಿಡಲಾಯಿತು. ಈಗ ಕೊಡುವ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ. ಅದನ್ನು ತೋಳಿಗೆ ಕೆಲವೇ ಬಾರಿ ಹಾಕುತ್ತಾರೆ. ಹಳೆಯ ಭಯದಿಂದ ಯಾರೂ ಲಸಿಕೆಯನ್ನು ತಪ್ಪಿಸಬಾರದು. ನಾಯಿ ಕಡಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗವೇ ಕೆಲವೊಮ್ಮೆ ಕಾಲುಗಳ ನಿಶ್ಶಕ್ತಿಯಾಗಿ ತೋರುವುದರಿಂದ, ಹಿಂದೆ ನಾಯಿ ಕಡಿದಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಬೇಕು.

ಇನ್ನು ಕೆಲವರಲ್ಲಿ ಈ ಉರಿಯೂತವು ದೀರ್ಘಕಾಲದ ಕಾಯಿಲೆಯೊಂದರ ಮೊದಲ ಹೆಜ್ಜೆ. ಅಂತಹ ಒಂದು ಕಾಯಿಲೆ ಬೆನ್ನುಹುರಿಯನ್ನೂ ಕಣ್ಣಿನ ನರವನ್ನೂ ಹಿಡಿಯುತ್ತದೆ. ಇದು ಹೆಂಗಸರಲ್ಲಿ ಹೆಚ್ಚು. ಇದರ ಗುರುತಾದ ಪ್ರತಿಕಾಯವೊಂದನ್ನು 2004ರಲ್ಲಿ ಕಂಡುಹಿಡಿಯಲಾಗಿದ್ದು, ಈಗ ರಕ್ತ ಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಹಿಂದೆ ಒಮ್ಮೆ ಒಂದು ಕಣ್ಣು ನೋವಿನೊಡನೆ ಮಂಜಾಗಿದ್ದರೆ, ಅಥವಾ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಆಗಿದ್ದರೆ, ಅದನ್ನೂ ಹೇಳಬೇಕು. ಕಣ್ಣಿಗೂ ಕಾಲಿಗೂ ಏನು ಸಂಬಂಧವೆಂದು ಬಿಟ್ಟುಬಿಡಬಾರದು.

ಹೋಲುವ ಬೇರೆ ಕಾಯಿಲೆಗಳು

ಕಾಲಿನ ಜೋಮೆಲ್ಲವೂ ಬೆನ್ನುಹುರಿಯ ಉರಿಯೂತವಲ್ಲ. ನಮ್ಮ ಜಿಲ್ಲೆಯ ನೀರು, ಆಹಾರ, ದುಡಿಮೆಗಳನ್ನು ನೋಡಿದರೆ ಇತರ ಕಾರಣಗಳೂ ಇವೆ.

ಫ್ಲೋರೋಸಿಸ್: ಕೃಷ್ಣಾ, ತುಂಗಭದ್ರಾ ನದಿಗಳ ನಡುವೆ ಇದ್ದರೂ ರಾಯಚೂರು ಜಿಲ್ಲೆಯ ಹಲವು ಗ್ರಾಮಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು. ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಮಿತಿ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಬೆನ್ನು ಸೆಟೆಯುತ್ತದೆ, ಕೂತು ಏಳುವುದು ಕಷ್ಟವಾಗುತ್ತದೆ. ಕೊನೆಗೆ ಬೆನ್ನೆಲುಬಿನ ಕೊಳವೆಯೇ ಕಿರಿದಾಗಿ ಹುರಿಯನ್ನು ಅದುಮುತ್ತದೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಇದು ದಿನಗಳಲ್ಲಲ್ಲ, ವರ್ಷಗಳಲ್ಲಿ ಬೆಳೆಯುವುದೆಂಬುದೇ ಉರಿಯೂತಕ್ಕೂ ಇದಕ್ಕೂ ಇರುವ ವ್ಯತ್ಯಾಸ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ, ಸುರಕ್ಷಿತವೆಂದು ತಿಳಿದ ನೀರನ್ನೇ ಕುಡಿಯಲು ಮತ್ತು ಅಡುಗೆಗೆ ಬಳಸಬೇಕು.

ಬೆನ್ನೆಲುಬಿನ ಕ್ಷಯ: ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನೋವು, ಆ ಜಾಗದಲ್ಲಿ ಗೂನು, ಇವು ಇದರ ಗುರುತು. ಕೆಮ್ಮು ಇಲ್ಲದಿದ್ದರೂ ಈ ಕ್ಷಯ ಬರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯಕ್ಕೆ ಪರೀಕ್ಷೆ ಮತ್ತು ಔಷಧಿ ಉಚಿತ. ಇಂತಹ ಬೆನ್ನನ್ನು ತುಳಿಸುವುದು, ನೀವಿಸುವುದು ಅತ್ಯಂತ ಅಪಾಯಕರ.

ಬಿ-12 ಜೀವಸತ್ವದ ಕೊರತೆ: ಇದು ಮುಖ್ಯವಾಗಿ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಇವೊಂದೂ ಸಾಕಷ್ಟು ದೊರೆಯದವರಲ್ಲಿ ಪಾದಗಳ ಜೋಮು, ಕತ್ತಲೆಯಲ್ಲಿ ನಡೆಯುವಾಗ ತೂರಾಡುವುದು ಕಾಣುತ್ತದೆ. ಬೇಗ ತಿಳಿದರೆ ಚುಚ್ಚುಮದ್ದಿನಿಂದ ಗುಣವಾಗುತ್ತದೆ.

ವಿಷವಸ್ತುಗಳು: ಹತ್ತಿ, ಮೆಣಸಿನಕಾಯಿಗೆ ಸಿಂಪಡಿಸುವ ಕೆಲವು ಕೀಟನಾಶಕಗಳು ದೇಹವನ್ನು ಸೇರಿ ವಿಷವೇರಿದರೆ, ಅದರಿಂದ ಚೇತರಿಸಿಕೊಂಡ ಎರಡು ಮೂರು ವಾರಗಳ ಅನಂತರ ಕಾಲುಗಳು ಬಲಹೀನವಾಗಬಹುದು. ಬಳಸಿದ ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಬೇಕು. ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಬೆರೆತರೂ ಕೈಕಾಲುಗಳ ನರಗಳು ಕೆಡುತ್ತವೆ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಇದು ಕಂಡುಬಂದಿತ್ತು.

ಪಾದದಿಂದ ಮೇಲೇರುವ ನಿಶ್ಶಕ್ತಿ: ಗಿಲಾನ್ ಬಾರೆ ಎಂಬ ಕಾಯಿಲೆಯಲ್ಲಿ ಕೆಡುವುದು ಹುರಿಯಲ್ಲ, ಹುರಿಯಿಂದ ಹೊರಟ ನರಗಳು. ನಿಶ್ಶಕ್ತಿ ಪಾದಗಳಿಂದ ಮೇಲೇರಿ ಉಸಿರಾಟದವರೆಗೆ ಬರಬಹುದು. ಇದೂ ತುರ್ತು ಚಿಕಿತ್ಸೆಯ ಕಾಯಿಲೆಯೇ.

ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಸೋತರೆ ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋ ಮುಕ್ತವೆಂದು ಪ್ರಮಾಣಿತವಾಗಿದೆ. ಆದರೂ ಇಂತಹ ಪ್ರತಿಯೊಂದು ಮಗುವಿನ ಮಲಪರೀಕ್ಷೆ ಇಂದಿಗೂ ಅವಶ್ಯಕ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಕಾಲು ಸೋತಿದ್ದರೆ ಅಥವಾ ಮೂತ್ರ ಕಟ್ಟಿದ್ದರೆ 108ಕ್ಕೆ ಕರೆ ಮಾಡಿರಿ. ಅಲ್ಲಿಂದ ತಾಲೂಕು ಆಸ್ಪತ್ರೆಗೆ, ಇಲ್ಲವೆ ರಾಯಚೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಕಳುಹಿಸಬಹುದು. ಅವಶ್ಯವೆನಿಸಿದರೆ ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆ ಇದೆ.

ವೈದ್ಯರು ಮೊದಲು ತಿಳಿಯಬಯಸುವುದು, ಹುರಿಯನ್ನು ಹೊರಗಿನಿಂದ ಏನಾದರೂ ಅದುಮುತ್ತಿದೆಯೇ ಎಂಬುದನ್ನು. ಗಡ್ಡೆಯೋ ಕೀವೋ ಅದುಮುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದನ್ನು ಎಂ.ಆರ್.ಐ. ಚಿತ್ರ ತೋರಿಸುತ್ತದೆ, ಊತವಿರುವ ಜಾಗವನ್ನೂ ಅದೇ ತೋರಿಸುತ್ತದೆ. ಅನಂತರ ಬೆನ್ನಿನ ನೀರನ್ನು ತೆಗೆದು ಪರೀಕ್ಷಿಸುತ್ತಾರೆ. ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಹೋಗುತ್ತದೆಂಬ ಭಯ ಹಳ್ಳಿಗಳಲ್ಲಿದೆ. ಇದು ತಪ್ಪು ತಿಳಿವಳಿಕೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿಯನ್ನು ಅದಕ್ಕಿಂತ ಕೆಳಗೆ, ಹುರಿ ಇಲ್ಲದ ಜಾಗದಲ್ಲಿ ಚುಚ್ಚುತ್ತಾರೆ.

ಉರಿಯೂತವೆಂದು ಖಚಿತವಾದರೆ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಔಷಧಿಯನ್ನು ಸಾಮಾನ್ಯವಾಗಿ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಇದು ಊತವನ್ನು ಇಳಿಸುತ್ತದೆ. ಇದರಿಂದ ಫಲ ಕಾಣದವರಿಗೆ ರಕ್ತದ ದ್ರವಭಾಗವನ್ನು ಬದಲಿಸುವ ಚಿಕಿತ್ಸೆಯೂ ಇದೆ. ಈ ಜಾತಿಯ ಮಾತ್ರೆಗಳನ್ನು ಅಂಗಡಿಯಿಂದ ಸ್ವತಃ ತಂದು ನುಂಗಬಾರದು. ಒಳಗೆ ಕ್ಷಯವಿದ್ದರೆ ಅದು ಉಲ್ಬಣಿಸುತ್ತದೆ.

ಕಾರಣ ತಿಳಿಯಲಿಲ್ಲವೆಂದರೆ?

ಎಲ್ಲ ಪರೀಕ್ಷೆಗಳನ್ನು ಮಾಡಿದ ಮೇಲೂ ಹಲವು ರೋಗಿಗಳಲ್ಲಿ ಉರಿಯೂತಕ್ಕೆ ಕಾರಣ ದೊರೆಯುವುದಿಲ್ಲ. ಆಗ ಮನೆಯವರು, ವೈದ್ಯರಿಗೇ ತಿಳಿಯದಿದ್ದ ಮೇಲೆ ಇದು ದೇವರ ಕೋಪವೋ ಮಾಟವೋ ಇರಬೇಕೆಂದು ಹಿಂದಿರುಗುತ್ತಾರೆ. ಇಲ್ಲಿಯೇ ಎಷ್ಟೋ ಸಂಸಾರಗಳು ಎಡವುವುದು. ಕಾರಣ ತಿಳಿಯದೆಂದರೆ ಕಾಯಿಲೆ ಇಲ್ಲವೆಂದಲ್ಲ, ಚಿಕಿತ್ಸೆ ಇಲ್ಲವೆಂದೂ ಅಲ್ಲ. ಮನೆಗೆ ಬೆಂಕಿ ಬಿದ್ದಾಗ ಕಿಡಿ ಎಲ್ಲಿಂದ ಬಂತೆಂದು ವಿಚಾರಿಸುವ ಮೊದಲು ನೀರು ಹಾಕುತ್ತೇವೆ. ಹಾಗೆಯೇ ಊತವನ್ನು ಮೊದಲು ಇಳಿಸಬೇಕು. ಕಾರಣವನ್ನು ಅನಂತರವೂ ಹುಡುಕಬಹುದು. ಕೆಲವರಲ್ಲಿ ಕಾರಣ ತಿಂಗಳುಗಳ ಮೇಲೆ, ಎರಡನೆಯ ಬಾರಿ ಲಕ್ಷಣ ತೋರಿದಾಗ, ಸ್ಪಷ್ಟವಾಗುತ್ತದೆ. ಆದುದರಿಂದ ಆಸ್ಪತ್ರೆಯ ಚೀಟಿ, ಚಿತ್ರ, ವರದಿಗಳನ್ನೆಲ್ಲ ಒಂದೇ ಚೀಲದಲ್ಲಿ ಜೋಪಾನವಾಗಿಡಬೇಕು. ಹೇಳಿದ ದಿನ ಮರುಪರೀಕ್ಷೆಗೆ ಹೋಗಬೇಕು.

ಚೇತರಿಕೆಯನ್ನು ಕುರಿತು ಸತ್ಯವನ್ನೇ ಹೇಳಬೇಕು. ಸ್ಥೂಲವಾಗಿ ಮೂವರಲ್ಲಿ ಒಬ್ಬರು ಚೆನ್ನಾಗಿ ಗುಣಹೊಂದುತ್ತಾರೆ, ಒಬ್ಬರಿಗೆ ಸ್ವಲ್ಪ ಕೊರತೆ ಉಳಿಯುತ್ತದೆ, ಒಬ್ಬರಿಗೆ ಹೆಚ್ಚಿನ ಅಂಗವೈಕಲ್ಯ ಉಳಿಯುತ್ತದೆ. ಸುಧಾರಣೆ ಮೊದಲ ಮೂರು ತಿಂಗಳುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಎರಡು ವರ್ಷಗಳವರೆಗೂ ಮುಂದುವರಿಯಬಹುದು. ಮೊದಲ ತಿಂಗಳಿನಲ್ಲಿ ನಡೆಯಲಾಗದವರು ಮುಂದೆ ನಡೆದ ನಿದರ್ಶನಗಳಿವೆ. ಬೇಗನೆ ನಿರಾಶರಾಗಬಾರದು.

ಮನೆಯಲ್ಲಿ ಆರೈಕೆ

ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ಇಟ್ಟಿಗೆಯ ಕಾವು, ಬಿಸಿನೀರು, ಬರೆ ಇವು ಸಲ್ಲವು. ಸುಟ್ಟುದು ರೋಗಿಗೆ ತಿಳಿಯುವುದೇ ಇಲ್ಲ. ಆ ಗಾಯ ಬಹುಕಾಲ ಮಾಯುವುದಿಲ್ಲ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಹಿಮ್ಮಡಿಗಳ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಮೂತ್ರದ ನಳಿಕೆ ಹಾಕಿದ್ದರೆ ಸೋಂಕು ತಗಲದಂತೆ ಶುಚಿಯಾಗಿಡಬೇಕು. ವೈದ್ಯರು ಕಲಿಸಿದ ವ್ಯಾಯಾಮವನ್ನು ಪ್ರತಿದಿನ ಮಾಡಿಸಬೇಕು. ಇಲ್ಲವಾದರೆ ಕೀಲುಗಳು ಬಿಗಿದುಕೊಳ್ಳುತ್ತವೆ.

ಈ ಸೇವೆ ಹೆಂಡತಿಯೊಬ್ಬಳ ಪಾಲಿನದಲ್ಲ. ಹೆಂಡತಿ ಮಲಗಿದಾಗ ಗಂಡನೂ ಇದನ್ನು ಮಾಡಬೇಕು. ಇದರಲ್ಲಿ ಕೀಳರಿಮೆ ಇಲ್ಲ. ಕಾಯಿಲೆಯ ಅನಂತರ ದಾಂಪತ್ಯ ಸಂಬಂಧದಲ್ಲಿಯೂ ಕೆಲಕಾಲ ತೊಂದರೆ ಕಾಣಬಹುದು. ಅದು ನರಗಳ ತೊಂದರೆಯೇ ಹೊರತು ಪ್ರೀತಿಯ ಕೊರತೆಯಲ್ಲ. ಸಂಕೋಚವಿಲ್ಲದೆ ವೈದ್ಯರೊಡನೆ ಮಾತನಾಡಬೇಕು.

ಮಗು ಬೇಕೆನ್ನುವ ದಂಪತಿಗಳು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಮರುಕಳಿಸುವ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಗರ್ಭದಲ್ಲಿರುವ ಶಿಶುವಿಗೆ ಅಪಾಯಕರ. ಕಣ್ಣು ಮತ್ತು ಹುರಿಯನ್ನು ಹಿಡಿಯುವ ಕಾಯಿಲೆಯು ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ವೈದ್ಯರು ಒಪ್ಪುವವರೆಗೆ ಗರ್ಭವನ್ನು ಮುಂದೂಡಬೇಕು. ಸೂಕ್ತವಾದ ವಿಧಾನವನ್ನು ಆರೋಗ್ಯ ಸಹಾಯಕಿಯರು ತಿಳಿಸುತ್ತಾರೆ. ಔಷಧಿಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಕೊನೆಯ ಮಾತು

ಮೊದಲು ಹೇಳಿದ ಸಂಸಾರಕ್ಕೆ ಮರಳೋಣ. ಮಂಗಳವಾರ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾದಾಗಲೇ ಆಕೆ ಗಂಡನಿಗೆ ಹೇಳಿದ್ದರೆ, ಆತ ಹತ್ತಿಯ ಕೆಲಸವನ್ನು ಒಂದು ದಿನ ಬದಿಗಿಟ್ಟಿದ್ದರೆ, ಬುಧವಾರದೊಳಗೆ ಚಿಕಿತ್ಸೆ ಆರಂಭವಾಗಬಹುದಿತ್ತು. ಗುರುವಾರವಾದರೂ ಕಾಲ ಮೀರಿಲ್ಲ, ಕೂಡಲೇ ಹೊರಡಬೇಕು. ಕಾಯಿಲೆಯ ಕಾರಣವನ್ನು ಹುಡುಕುವುದು ವೈದ್ಯರ ಕೆಲಸ. ಕಾಲವನ್ನು ಕಳೆಯದಿರುವುದು ದಂಪತಿಗಳ ಕೆಲಸ.

ನಿಮ್ಮೊಳಗೆ ಚರ್ಚಿಸಿರಿ

1. ಕಾಲಿನ ಜೋಮಿನೊಡನೆ ಯಾವ ಲಕ್ಷಣ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು?
2. ನಿಮ್ಮ ಮನೆಯ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಆಗಿದೆಯೇ?
3. ಮೂತ್ರ ಕಟ್ಟಿದ ಸಂಗತಿಯನ್ನು ನೀವು ಒಬ್ಬರಿಗೊಬ್ಬರು ಸಂಕೋಚವಿಲ್ಲದೆ ಹೇಳಿಕೊಳ್ಳುವಿರಾ?